ಗ್ರಾಮಫೋನ್ ತಟ್ಟೆಗಳ ವಿಲೇವಾರಿಗೆ ಅವಸರ ಬೇಡ

ಮಾನ್ಯರೇ,

ಮನೆ ಬದಲಿಸುವಾಗಲೋ ಹಿರಿಯರು ತೀರಿಕೊಂಡ ಮೇಲೋ ಗ್ರಾಮಫೋನ್ ತಟ್ಟೆಗಳ ದೊಡ್ಡ ಸಂಗ್ರಹವನ್ನು ನೋಡದೆಯೇ ಸಗಟಾಗಿ ಗುಜರಿಗೆ ಹಾಕುವುದು ಸರಿಯಲ್ಲ. ಆದರೆ ಸಂಗ್ರಹವನ್ನು ಕಡಿಮೆ ಮಾಡುವುದು ಅಗತ್ಯವೇ ಸರಿ. ಹೊದಿಕೆ ಸಮೇತ ನೂರು ಎಲ್‌ಪಿಗಳು (ಹೆಚ್ಚು ಹೊತ್ತು ನುಡಿಯುವ ತಟ್ಟೆಗಳು) ಸುಮಾರು 25 ಕಿಲೋ ತೂಗುವುದರಿಂದ ಸಾಧಾರಣ ಕಪಾಟಿನ ಹಲಗೆ ಬಾಗಿಬಿಡುತ್ತದೆ.

ಮೊದಲು ಬೇರ್ಪಡಿಸಬೇಕಾದವು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು. 1948ರಲ್ಲಿ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಎಲ್‌ಪಿ ಬರುವವರೆಗೆ ಪ್ರಧಾನವಾಗಿದ್ದ ಇವು ಕೈಜಾರಿದರೆ ಚೂರಾಗುತ್ತವೆ, ಮದ್ಯಸಾರ ಬೆರೆತ ದ್ರಾವಣದಿಂದ ಒರೆಸಿದರೆ ಮೇಲ್ಮೈಯೇ ಕರಗುತ್ತದೆ. ಇವುಗಳಲ್ಲಿನ ಎಷ್ಟೋ ಧ್ವನಿಮುದ್ರಣಗಳು ಬೇರೆ ರೂಪದಲ್ಲಿ ಮತ್ತೆ ಹೊರಬಂದಿಲ್ಲವಾದ್ದರಿಂದ, ಎಸೆಯುವ ಮುನ್ನ ಯಾವುದಾದರೂ ಧ್ವನಿ ಸಂಗ್ರಹಾಲಯವನ್ನು ವಿಚಾರಿಸಬೇಕು.

ವಿನೈಲ್ ತಟ್ಟೆಗಳಲ್ಲಿ ಒಂದೇ ಆಲ್ಬಂನ ಎರಡು ಪ್ರತಿಗಳಿದ್ದರೆ ಲೇಬಲ್ಲಿನ ಸುತ್ತಲ ನುಣುಪು ಭಾಗದಲ್ಲಿ ಕೊರೆದಿರುವ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಹೊದಿಕೆ ಒಂದೇ ಆಗಿದ್ದರೂ ಅಚ್ಚು (ತಟ್ಟೆಯನ್ನು ಒತ್ತಿ ತೆಗೆದ ಆವೃತ್ತಿ) ಬೇರೆಯಾಗಿರಬಹುದು. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಕಾಣುವ ನವಿರಾದ ಗೀರುಗಳು ಬಹುಪಾಲು ಕೇಳಿಸುವುದಿಲ್ಲ, ಆದರೆ ಉಗುರಿಗೆ ತಗಲುವಷ್ಟು ಆಳದ ಗೀರು ಮುಳ್ಳನ್ನು ಹಾರಿಸೀತು. ಬೆಲೆ ಏರೀತೆಂಬ ಆಸೆಯಿಂದ, ಎಂದೂ ಕೇಳದ ತಟ್ಟೆಗಳನ್ನು ಕೂಡಿಡುವುದು (ಸಂಗ್ರಾಹಕರು ಮುನಿಸಿಕೊಂಡರೂ ಸರಿಯೇ) ನನಗೆ ಒಪ್ಪಿಗೆಯಿಲ್ಲ; ಅವನ್ನು ಕೇಳುವವರಿಗೆ ದಾಟಿಸಬೇಕು. ಉಳಿಸಿಕೊಂಡವುಗಳನ್ನು ಬಿಸಿಲು ತಾಗದೆಡೆ ನೆಟ್ಟಗೆ ನಿಲ್ಲಿಸಿಡಬೇಕು.

ಗ್ರಂಥಾಲಯಗಳೂ ಸಂಗ್ರಹಾಲಯಗಳೂ ತಾವು ಯಾವ ಬಗೆಯ ತಟ್ಟೆಗಳನ್ನು ಸ್ವೀಕರಿಸುತ್ತೇವೆಂದು ಸ್ಪಷ್ಟವಾಗಿ ಪ್ರಕಟಿಸಿದರೆ ದಾನ ಮಾಡಬಯಸುವ ಕುಟುಂಬಗಳ ಅಲೆದಾಟ ತಪ್ಪುತ್ತದೆ.

– ಓರ್ವ ಓದುಗ