ತಪ್ಪು ನಿನ್ನ ಕೈಯದಲ್ಲ

ಪುಟ್ಟಿ,

ಓದೋಕೆ ಅಂತ ಚೆನ್ನೈಗೆ ಹೊರಟ ನಿನ್ನ ರೈಲು ಕಂಟೋನ್ಮೆಂಟ್ ಬಿಟ್ಟು ಇನ್ನೂ ಎರಡು ಗಂಟೆ ಆಗಿಲ್ಲ. ಮನೆಗೆ ಬಂದವಳೇ ಮೇಜಿನ ಹತ್ರ ಕೂತೆ. ನೀನು ಬ್ಯಾಗಿನಿಂದ ತೆಗೆದಿಟ್ಟ ಚರ್ಮದ ಕೆಲಸದ ಸಾಮಾನಿನ ಸುರುಳಿ ಇಲ್ಲೇ ಇದೆ. "ಅಲ್ಲಿ ಎಲ್ಲಾ ಕೊಡ್ತಾರಮ್ಮ" ಅಂತ ನೀನು ಮೆಲ್ಲಗೇ ಹೇಳಿದೆ. ಅದಕ್ಕೆ ನಾನು ಅಂದದ್ದನ್ನು ಮತ್ತೆ ಬರೆಯುವುದಿಲ್ಲ. ಹಾಗೆ ಅನ್ನಬಾರದಿತ್ತು.

ಸುರುಳಿ ಬಿಚ್ಚಿ ನೋಡಿದೆ. ಸವೆದ ಅರ ಉಜ್ಜಿ ಮಾಡಿದ ಚಾಕು. ಹಲ್ಲು ಗಿಡ್ಡ ಮಾಡಿದ ಫೋರ್ಕು. ಅಂಚು ನುಣುಪು ಮಾಡುವ ಬೀಟೆ ಮರದ ತುಂಡು, ನಿನ್ನ ಹೆಬ್ಬೆರಳು ಕೂರುವ ಕಡೆ ಹಳ್ಳ ಬಿದ್ದಿದೆ. ಚರ್ಮಕ್ಕೆ ತೂತು ಹಾಕುವ ಉಳಿಯ ಜಾಗ ಮಾತ್ರ ಖಾಲಿ. ಅದು 11 ವರ್ಷದಿಂದ ನನ್ನ ಟ್ರಂಕಿನಲ್ಲಿದೆ.

ಅದರ ವಿಷಯ ಹೇಳಬೇಕು.

ನಿನಗಾಗ 10 ವರ್ಷ. ಆಯುಧಪೂಜೆಗೆ ಎರಡು ದಿನ ಇತ್ತು. ನಿನಗೇ ಅಂತ ಒಂದು ಉಳಿ ಇರಲಿ ಅಂತ ಸೈಕಲ್ ಕಡ್ಡಿ ಕತ್ತರಿಸಿದೆ. ತೂತು ಡೈಮಂಡ್ ಆಕಾರಕ್ಕೆ ಬಂದರೆ ದಾರ ಓರೆಯಾಗಿ ಚೆನ್ನಾಗಿ ಕೂರುತ್ತದೆ, ಅದಕ್ಕೇ ತುದಿಯನ್ನು ನಾಲ್ಕು ಮೂಲೆ ಬರುವ ಹಾಗೆ ಉಜ್ಜಿದೆ. ಆಮೇಲೆ ಹಿಡಿ ಕೊರೆಯುವಾಗ ಡ್ರಿಲ್ ಜಾಸ್ತಿ ಇಳಿದು ಬುಡದಲ್ಲೂ ತೂತಾಯಿತು. ಬೇರೆ ಮರ ತಗೊಳ್ಳಬೇಕಿತ್ತು. ತಗೊಳ್ಳಲಿಲ್ಲ. ಮರದ ಪುಡಿಗೆ ಗೋಂದು ಕಲಸಿ ಮುಚ್ಚಿ ಪಾಲಿಶ್ ಹಾಕಿದೆ. ನಿನ್ನ ಪುಟ್ಟ ಕೈಗೆ ಸರಿಯಾಗಿ ಕೂತಿತ್ತು.

ಬೆಲ್ಟಿನ ಚರ್ಮ 3 ಮಿಲಿಮೀಟರ್ ದಪ್ಪ, ಅದೂ ಎರಡು ಪದರ. ನೀನು ಮೈಭಾರವೆಲ್ಲ ಹಾಕಿ ಒತ್ತಿದೆ. ಕಡ್ಡಿ ಮುಂದೆ ಹೋಗದೆ ಹಿಂದಕ್ಕೆ ಜಾರಿತು. ಬುಡ ಒಡೆದುಕೊಂಡು ನಿನ್ನ ಅಂಗೈಗೆ ನುಗ್ಗಿತು. ಆಟೋದಲ್ಲಿ ನಿನ್ನ ಕೈಗೆ ನನ್ನ ಸೆರಗು ಸುತ್ತಿ ಹಿಡಿದು, "ನಿಧಾನ ಅನ್ನೋದೇ ಇಲ್ಲ ನಿನಗೆ" ಅಂತ ದಾರಿಯುದ್ದಕ್ಕೂ ಬೈದೆ. ನೀನು ಅಳುತ್ತಲೇ ಹೂಂ ಅಂದೆ.

ಕಡ್ಡಿಯ ಬಾಲ ಬಗ್ಗಿಸಿದ್ದರೆ ಸಾಕಿತ್ತು. ಸುತ್ತಿಗೆಯಲ್ಲಿ ಎರಡು ಏಟು ಹಾಕಿ ಚಪ್ಪಟೆ ಮಾಡಿದ್ದರೂ ಆಗುತ್ತಿತ್ತು. ಬುಡಕ್ಕೆ ಒಂದು ಹಿತ್ತಾಳೆ ಬಿಲ್ಲೆ ಇಟ್ಟಿದ್ದರೂ ನಡೆಯುತ್ತಿತ್ತು. ಎಲ್ಲಾ ಗೊತ್ತಿತ್ತು, ಪುಟ್ಟಿ. ನಿಮ್ಮ ತಾತ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ನಿನ್ನ ಕೈಗೆ ಕೊಟ್ಟೆ. ಆಮೇಲೆ ಯಾರು ಕೇಳಿದರೂ "ಆತುರ ಮಾಡಿಕೊಂಡಳು" ಅಂದೆ. ಹೋದ ತಿಂಗಳು ನೀನೇ ಆ ಗಾಯದ ಗುರುತು ತೋರಿಸಿ, "ಚಿಕ್ಕವಳಿದ್ದಾಗ ಆತುರದಲ್ಲಿ ಚುಚ್ಚಿಕೊಂಡೆ" ಅಂತ ಯಾರಿಗೋ ಹೇಳುತ್ತಿದ್ದೆ. ನಾನು ಅಡುಗೆಮನೆಯಲ್ಲಿದ್ದೆ. ಈಚೆ ಬಂದು ಹಾಗಲ್ಲ ಅನ್ನಲಿಲ್ಲ.

ಕ್ಷಮಿಸು.

ಸವೆದ ಸಾಮಾನು ಹೊತ್ತು ಹೋಗಬೇಕು ಅಂತ ನಾನು ಹಟ ಮಾಡುವುದಿಲ್ಲ. ಒಂದು ವೇಳೆ ತರಿಸಿಕೊಂಡರೆ ಇಷ್ಟು ನೆನಪಿಡು. ಫೋರ್ಕು ಬರೀ ಹೊಲಿಗೆಯ ಗುರುತು ಹಾಕೋಕೆ, ಆ ಸ್ಟೀಲ್ ಮೆತ್ತಗೆ, ಸುತ್ತಿಗೆ ಏಟಿಗೆ ಬಗ್ಗುತ್ತದೆ. ಚಾಕುವನ್ನು ಗ್ರೈಂಡರ್‌ಗೆ ಹಿಡಿದರೆ ಆಗಾಗ ನೀರಿಗೆ ಅದ್ದು, ಅಂಚು ನೀಲಿಗೆ ತಿರುಗಿದರೆ ಅದರ ಹದ ಹೋದ ಹಾಗೇ. ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆ ಇದ್ದಾಗ ಅದರ ಮೇಲೆ ಕಬ್ಬಿಣ ಇಡಬೇಡ, ಕಪ್ಪು ಕಲೆ ಬಿದ್ದರೆ ಹೋಗಲ್ಲ. ಉಳಿ ಬರುವ ದಾರಿಯಲ್ಲಿ ಎಡಗೈ ಇಡಬೇಡ. ರಾತ್ರಿ ಕಣ್ಣು ಎಳೆಯುವಾಗ ಕೆಲಸಕ್ಕೆ ಕೂರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಬಿಸ್ಕತ್ತಿನಲ್ಲಿ ದಿನ ತಳ್ಳಬೇಡ. ನೋಡು, ಬರೆಯುತ್ತಾ ಎಲ್ಲಿಗೋ ಹೋದೆ.

ನಿಮ್ಮ ತಾತ ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ಚರ್ಮ ನೆನೆಹಾಕುತ್ತಿದ್ದರು. ಬಣ್ಣ ನೋಡಿ, ಮೂಸಿ, ಹದ ಹೇಳುತ್ತಿದ್ದರು. ಆ ತೊಗಟೆಯೊಳಗೆ ಏನಿದೆ ಅಂತ ನೀನು ಅಡಯಾರಿನ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಕೂತು ಕಲಿಯುತ್ತೀಯ. ಸ್ಟೇಷನ್ನಿನಲ್ಲಿ ಚಹಾ ಮಾರುವವನಿಗೂ ಹೇಳಿಬಿಟ್ಟೆ, ನನ್ನ ಮಗಳು ಅಲ್ಲಿಗೆ ಹೋಗುತ್ತಿದ್ದಾಳೆ ಅಂತ.

ನಿನ್ನೆ ರಾತ್ರಿ ನೀನು ಮಲಗಿದ ಮೇಲೆ ಹೊಸ ಉಳಿ ಮಾಡಿದೆ. ಇವತ್ತು ನನ್ನ ಚೀಲದಲ್ಲೇ ಇತ್ತು, ಕೊಡೋಕೆ ಬಾಯಿ ಬರಲಿಲ್ಲ. ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ತುದಿಗೆ ಬಿರಡೆ ಚುಚ್ಚಿದ್ದೇನೆ, ಹುಷಾರಾಗಿ ತೆಗಿ. ಬುಡದಲ್ಲಿ ಒಂದು ಬೆರಳಗಲ ಮರ ಗಟ್ಟಿ ಬಿಟ್ಟಿದ್ದೇನೆ, ಬಾಲ ಬಗ್ಗಿಸಿದ್ದೇನೆ. ಬೆಲ್ಟಿನ ಅದೇ ದಪ್ಪ ಚರ್ಮ, ಎರಡು ಪದರ ಇಟ್ಟು ಇಪ್ಪತ್ತು ಸಲ ಒತ್ತಿ ನೋಡಿದೆ, ಬರೀ ಅಂಗೈಯಲ್ಲಿ. ಅಲ್ಲಾಡಲಿಲ್ಲ.

ನಿನ್ನ
ಅಮ್ಮ