ಮಳೆಗಾಲಕ್ಕೆ ಪುಸ್ತಕದ ಕಪಾಟು: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲೇ ಕಪಾಟನ್ನು ಗೋಡೆಯಿಂದ 2–3 ಇಂಚು ಮುಂದಕ್ಕೆ ಎಳೆದುಬಿಡಿ. ಪುಸ್ತಕಗಳ ನಡುವೆ ಬೆರಳು ತೂರುವಷ್ಟು ಸಡಿಲವಿರಲಿ. ಬಿಗಿಯಾಗಿ ತುರುಕಿದರೆ ಗಾಳಿಯಾಡದೆ ಬೂಸ್ಟು ಹಿಡಿಯುತ್ತದೆ, ಎಳೆಯುವಾಗ ಬೆನ್ನೂ ಹರಿಯುತ್ತದೆ. ಬೇವಿನೆಲೆ ಇಡುವವರು ಗರಿಗರಿಯಾಗಿ ಒಣಗಿಸಿಯೇ ಇಡಿ, ಹಸಿ ಎಲೆಯ ತೇವ ಕಾಗದಕ್ಕೆ ಇಳಿಯುತ್ತದೆ.

ಬೂಸ್ಟು ಕಂಡರೆ ಒದ್ದೆ ಬಟ್ಟೆ ಬೇಡವೇ ಬೇಡ, ಕಲೆ ಇನ್ನಷ್ಟು ಹರಡುತ್ತದೆ. ಆ ಪುಸ್ತಕ ಬೇರೆ ಇಟ್ಟು, ಹಾಳೆ ಬಿಡಿಸಿ ಫ್ಯಾನ್ ಗಾಳಿಗೆ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆಯ ಒಣ ಬ್ರಷ್‌ನಿಂದ ಕೊಡವಿ. ಕಡುಬಿಸಿಲಿಗೆ ಇಟ್ಟರೆ ಹಾಳೆ ಹಳದಿಯಾಗುತ್ತದೆ.

ಓದುತ್ತಾ ಚಕ್ಕುಲಿ ಮೆಲ್ಲುವ ಸುಖ ಬಿಡಬೇಕಿಲ್ಲ! ಹಾಳೆಗೆ ಎಣ್ಣೆ ತಾಗಿದರೆ ಉಜ್ಜದೆ, ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೊಡವಿ. ಪುಡಿ ಒಳಗೇ ಉಳಿದರೆ ಇರುವೆ ಬರುತ್ತದೆ.