ಐಜಿಐ ಮಾಡಿದವರು ಯಾರು ಅಂತ ಗೊತ್ತಾಯ್ತು ಮಾರಾಯ

ದೋಸ್ತಾ,

ಹೇಗಿದ್ದಿ? ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಮೊನ್ನೆ ಹಂಪನಕಟ್ಟೆಗೆ ಹೋದವ ನಮ್ಮ ಹಳೇ ಸೈಬರ್ ಕೆಫೆ ಇದ್ದ ಬಿಲ್ಡಿಂಗ್ ಎದುರು ಸುಮಾರು ಹೊತ್ತು ನಿಂತೆ. ಮೆಟ್ಟಿಲು ಹಾಗೇ ಉಂಟು, ಮೇಲೆ ಈಗ ಮೊಬೈಲ್ ರಿಪೇರಿ ಅಂಗಡಿ. ನೆನಪಾದದ್ದು ಎಂತ ಗೊತ್ತುಂಟಾ, ನೀನು ಮೌಸಿನ ಹೊಟ್ಟೆಯಿಂದ ಬಾಲ್ ತೆಗೆದು ಒಳಗಿನ ರೋಲರಿಗೆ ಅಂಟಿದ ಕೊಳೆಯನ್ನು ಉಗುರಲ್ಲಿ ಕೆರೆದು ಕೆರೆದು ತೆಗಿತಿದ್ದದ್ದು, ಅದು ಮಾಡದಿದ್ರೆ ನಮ್ಮ ಐಜಿಐ ಶೂಟಿಂಗ್ ಗೇಮಲ್ಲಿ ಗುರಿಯೇ ನಿಲ್ತಿರ್ಲಿಲ್ಲ ಅಲ್ವಾ.

ಆ ರಾತ್ರಿ ಕೂತು ಓದಿದೆ. ಐಜಿಐ ಮಾಡಿದ್ದು ನಾರ್ವೆಯ ಓಸ್ಲೋದಲ್ಲಿದ್ದ ಇನ್ನರ್‌ಲೂಪ್ ಅನ್ನುವ ಸ್ಟುಡಿಯೋ, ಗೇಮ್ ಬಂದದ್ದು 2000ದ ಕೊನೆಗೆ. ಅದಕ್ಕೆ ಮುಂಚೆ ಅವರು ಜಾಯಿಂಟ್ ಸ್ಟ್ರೈಕ್ ಫೈಟರ್ ಅಂತ ವಿಮಾನ ಹಾರಿಸುವ ಗೇಮ್ ಮಾಡಿದ್ರು, ಅದರ ಇಂಜಿನ್ನನ್ನೇ, ಅಂದ್ರೆ ಗೇಮ್ ನಡೆಸುವ ಮೂಲ ಸಾಫ್ಟ್‌ವೇರನ್ನೇ, ಇದಕ್ಕೂ ತಂದದ್ದು! ನಾವು ಗುಡ್ಡದ ಮೇಲಿಂದ ಬೈನಾಕ್ಯುಲರಲ್ಲಿ ಕೆಳಗಿನ ಇಡೀ ಬೇಸ್ ನೋಡ್ತಿದ್ವಲ್ಲ, ನಾವಾಡಿದ ಬೇರೆ ಶೂಟಿಂಗ್ ಗೇಮಲ್ಲೆಲ್ಲ ಬರೀ ಕೋಣೆ, ಓಣಿ, ಇದರಲ್ಲಿ ಮಾತ್ರ ಅಷ್ಟು ದೊಡ್ಡ ಬಯಲು ಎಲ್ಲಿಂದ ಬಂತು ಅಂತ ಈಗ ಅರ್ಥ ಆಯ್ತು ನೋಡು.

ಆದ್ರೆ ಮಿಷನ್ ನಡುವೆ ಸೇವ್ ಇಲ್ಲದ್ದು ತಪ್ಪೇ, ಇವತ್ತಿಗೂ ಹೇಳ್ತೇನೆ. ಜೂನ್ ತಿಂಗಳಲ್ಲಿ ಗುಡುಗು ಬಂದು ಕರೆಂಟ್ ಹೋದ್ರೆ ಮುಕ್ಕಾಲು ಗಂಟೆಯ ಕೆಲಸ ನೀರಿಗೆ, ಮತ್ತೆ ಮೊದಲಿಂದ.

ಆ ಕಂಪನಿ 2003ರಲ್ಲೇ ಮುಚ್ಚಿತಂತೆ. ಓದಿ ತುಂಬಾ ಬೇಜಾರಾಯ್ತು. ನಾವು ಆಡಿದ್ದೆಲ್ಲ ಕಾಪಿ ಸಿಡಿ, ನಮ್ಮಿಂದ ಅವರಿಗೆ ಒಂದು ರೂಪಾಯಿ ಹೋಗಿಲ್ಲ. ಡೂಮ್ ಗೇಮಿಂದು ಬೇರೆ, ಅದನ್ನು ಮಾಡಿದ ಐಡಿ ಕಂಪನಿಯವರು ಮೊದಲ ಭಾಗವನ್ನು ಫ್ರೀಯಾಗಿ ಹಂಚಿ ಅಂತ ತಾವೇ ಬಿಟ್ಟದ್ದು, ಇದು ಹಾಗಲ್ಲ.

ಮತ್ತೆ ನಿನ್ನ ಮಾವನ ಆಫೀಸಲ್ಲಿ ಆಡಿದ ಪ್ರಿನ್ಸ್ ಆಫ್ ಪರ್ಷಿಯಾ! ಅದು ಹೆಚ್ಚುಕಮ್ಮಿ ಒಬ್ಬನೇ ಮಾಡಿದ್ದು ಮಾರಾಯ, ಜೋರ್ಡನ್ ಮೆಕ್ನರ್, 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ. ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡ್ಲಿಕ್ಕೆ ಹಾರ್ಲಿಕ್ಕೆ ಹೇಳಿ ವಿಡಿಯೋ ತೆಗೆದು ಒಂದೊಂದೇ ಚಿತ್ರ ನೋಡಿ ಬಿಡಿಸಿದ್ದು. ಅಂಚಲ್ಲಿ ಕೈ ಸಿಕ್ಕಿಸಿ ಉಸಿರು ಹಿಡಿದು ಮೇಲೆ ಹತ್ತುವುದು ಅಷ್ಟು ನಿಜ ಕಾಣ್ತಿದ್ದದ್ದು ಅದಕ್ಕೇ. ಕನ್ನಡಿ ಒಡೆದು ಹಾರಿದಾಗ ಆಚೆ ಕಡೆ ಓಡುವ ನೆರಳು ಮನುಷ್ಯ ನೆನಪುಂಟಲ್ಲ? ಇನ್ನೊಂದು ಪಾತ್ರ ಹಾಕ್ಲಿಕ್ಕೆ ಮೆಮೊರಿ ಇರ್ಲಿಲ್ಲ, ಹಾಗಾಗಿ ಹೀರೋನ ಚಿತ್ರಗಳನ್ನೇ ಸ್ವಲ್ಪ ತಿರುಚಿ ಅವನನ್ನು ಮಾಡಿದ್ದಂತೆ. ಅವನನ್ನು ಹೊಡೆದ್ರೆ ನಮ್ಮ ಜೀವವೇ ಕಮ್ಮಿ ಆಗ್ತಿತ್ತು, ಕತ್ತಿ ಒಳಗೆ ಹಾಕ್ಬೇಕು ಅಂತ ಮೂರು ದಿನ ಯೋಚಿಸಿ ಕಂಡುಹಿಡಿದದ್ದು ನೀನು.

ಆ ಗೇಮಿನ ಮೂಲ ಕೋಡ್ ಎಷ್ಟೋ ವರ್ಷ ಕಾಣೆಯಾಗಿತ್ತು, 2012ರಲ್ಲಿ ಮೆಕ್ನರನ ಅಪ್ಪನಿಗೆ ಹಳೇ ಬಾಕ್ಸಲ್ಲಿ ಡಿಸ್ಕುಗಳು ಸಿಕ್ಕಿದ್ವು. ಅದು ಓದಿದ ಮೇಲೆ ನೀನು ಪ್ರತಿ ಲೆವೆಲ್ಲಿನ ದಾರಿ ಬರೆದಿಟ್ಟ ಆ ನೂರು ಪುಟದ ನೋಟ್‌ಬುಕ್ಕಿನದ್ದೇ ಯೋಚನೆ. ನಿಮ್ಮ ಉಡುಪಿ ಮನೆಯ ಅಟ್ಟದಲ್ಲಿ ಇರ್ಬಹುದು. ಅಮ್ಮನಿಗೆ ಒಂದು ಫೋನ್ ಮಾಡಿಡು, ಭಾನುವಾರ ನಾನೇ ಹೋಗಿ ಹುಡುಕ್ತೇನೆ.